ಔತಣಕ್ಕೆ ಮಗನ ಒತ್ತೆ

ಹೆತ್ತೂರು ದಾಟಿ ಬಿಸಿಲೆ ಘಾಟಿಯತ್ತ ಹೋಗುವ ದಾರಿಯಲ್ಲಿ ಮಳೆಯ ನೀರು ಎರಡು ಪಾಲಾಗುವ ದಿಣ್ಣೆಯೊಂದಿದೆ. ಪೂರ್ವಕ್ಕೆ ಇಳಿದದ್ದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ; ಪಶ್ಚಿಮಕ್ಕೆ ಇಳಿದದ್ದು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡಲಿಗೆ. ಘಟ್ಟದ ಮೆಣಸು, ಶುಂಠಿಗಳೂ ಇಳಿದದ್ದು ಆ ಕಡಲಿಗೇ. ಅವನ್ನು ಅರಸಿ ಬಂದ ಮರದ ಹಾಯಿ ಹಡಗುಗಳ ಜನರಿಗೂ ದಡದ ಅರಸರಿಗೂ ನಡುವೆ ನಡೆಯುತ್ತಿದ್ದ ಊಟೋಪಚಾರದ ರೀತಿ ಮಾತ್ರ ವಿಚಿತ್ರವಾಗಿತ್ತು.

ಇಂದು ದುಬೈನ ಖಾರಿಯಲ್ಲಿ ದೀಪಾಲಂಕೃತ ಮರದ 'ಧೋ' ಹತ್ತಿ ರಾತ್ರಿಯೂಟ ಮಾಡಿ ಬರುವ ಕನ್ನಡಿಗರಿಗೆ ಟಿಕೆಟ್ಟಿನ ಹಣವಷ್ಟೇ ಖರ್ಚು. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಇಂಥ ಆತಿಥ್ಯಕ್ಕೆ ಅರಸನ ಮಗನೇ ಜಾಮೀನಾಗಬೇಕಿತ್ತು.

1342ರ ಸುಮಾರಿಗೆ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ, ಮಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾದ ದೊರೆಗೆ ಉಡುಗೊರೆಗಳನ್ನು ಹೊತ್ತು ಖಂಬಾತದ ಕಡೆಯಿಂದ ಹೊರಟ. ಅವನಿದ್ದ ಹಡಗಿನ ಕಾವಲಿಗೆ ಐವತ್ತು ಮಂದಿ ಅಬಿಸೀನಿಯದ ಯೋಧರಿದ್ದರು. ಈ ಕಡಲಿನ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಗಳಿಂದ ಜಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಬಂಡೆಗೆ ತಾಗಿದರೆ ಬಾಗಿ ತಡೆದುಕೊಳ್ಳುತ್ತವೆ ಎಂಬುದು ಬತೂತನ ವಿವರಣೆ.

ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನ್ ಅವನಿಗೆ ಉಣಬಡಿಸಿದ. ಆ ಊಟದ ವರ್ಣನೆ ಓದಿದರೆ ಮಲೆನಾಡಿನವರಿಗೆ ಹೊಸದೆನಿಸುವುದು ತಾಮ್ರದ ಹರಿವಾಣವೂ ರೇಷ್ಮೆಯುಟ್ಟು ಬಡಿಸುವ ದಾಸಿಯೂ ಮಾತ್ರ. ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಗೊಂಚಲು ಮೆಣಸು, ಹಸಿ ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಮತ್ತೊಂದು ಸೌಟು ಅನ್ನಕ್ಕೆ ಕೋಳಿ, ಆಮೇಲೆ ಮೀನು, ತರಕಾರಿ. ಕೊನೆಗೆ ಮೊಸರು ಬಂತೆಂದರೆ ಊಟ ಮುಗಿಯಿತೆಂದು ಲೆಕ್ಕ! ಕುಡಿಯಲು ಬಿಸಿ ನೀರು. ರೊಟ್ಟಿಯ ಸುದ್ದಿಯೇ ಇಲ್ಲ.

ಮುಂದೆ ಸಿಕ್ಕ 'ಫಾಕನೂರ್' ನಮ್ಮ ಬಾರಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬತೂತ 'ಬಾಸದೇವ' ಎಂದು ಕರೆಯುವ ಅಲ್ಲಿನ ಅರಸನ ಬಳಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ದಾಟಿಹೋಗುವ ಯಾವ ಹಡಗೇ ಆಗಲಿ ಲಂಗರು ಹಾಕಿ ಬಂದರಿನ ಕಾಣಿಕೆ ಒಪ್ಪಿಸಬೇಕು. ತಪ್ಪಿಸಿಕೊಂಡರೆ ಬೆನ್ನಟ್ಟಿ ಎಳೆತಂದು ಇಮ್ಮಡಿ ಸುಂಕ ವಸೂಲು ಮಾಡುತ್ತಿದ್ದರು. ಇಂಥ ಆತಿಥೇಯನನ್ನು ನಂಬಿ ದಡಕ್ಕೆ ಇಳಿಯುವುದು ಹೇಗೆ? ಅರಸ ತನ್ನ ಮಗನನ್ನೇ ಹಡಗಿಗೆ ಒತ್ತೆಯಾಗಿ ಕಳುಹಿಸಿದ. ರಾಜಕುಮಾರ ಹಡಗಿನಲ್ಲಿ ಅತಿಥಿ, ಬತೂತನ ಪರಿವಾರ ಅರಮನೆಯಲ್ಲಿ ಅತಿಥಿ. ಮೂರು ದಿನ ಭರ್ಜರಿ ಸತ್ಕಾರ ನಡೆಯಿತು. ದೆಹಲಿಯ ಮೇಲಿನ ಗೌರವದ ಜೊತೆಗೆ ಹಡಗಿನವರೊಂದಿಗೆ ವ್ಯಾಪಾರ ಕುದುರಿಸುವ ಆಸೆಯೂ ಅದರಲ್ಲಿತ್ತೆಂದು ಬತೂತ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಹಡಗಿನಲ್ಲಿ ಕುಳಿತ ಆ ಹುಡುಗನಿಗೆ ಏನು ಬಡಿಸಿದರೆಂದು ಮಾತ್ರ ಒಂದಕ್ಷರವೂ ಇಲ್ಲ.

ಮಂಗಳೂರಿನಲ್ಲಿ ಚೌಕಾಶಿಯೇ ನಡೆಯಿತು. ಪರ್ಷಿಯ, ಯೆಮನ್‌ಗಳ ವರ್ತಕರು ಇಳಿಯುತ್ತಿದ್ದ, ಮೆಣಸು ಶುಂಠಿ ಹೇರಳವಾಗಿದ್ದ ಊರದು. ಸುಮಾರು 4,000 ಮುಸ್ಲಿಮರಿದ್ದ ಕೇರಿಯ ಖಾಜಿ ತಾನೇ ಹಡಗು ಹತ್ತಿ ಬಂದು ಆಹ್ವಾನವಿತ್ತ. ಅರಸನ ಮಗ ಬರುವ ತನಕ ಇಳಿಯುವುದಿಲ್ಲವೆಂದ ಬತೂತ. 'ಬಾರಕೂರಿನಲ್ಲಿ ನಮ್ಮವರಿಗೆ ಬಲವಿಲ್ಲ, ಅದಕ್ಕೆ ಅಲ್ಲಿ ಒತ್ತೆ ಬೇಕಾಯಿತು. ಇಲ್ಲಿ ಅರಸನೇ ನಮಗೆ ಅಂಜುತ್ತಾನೆ' ಎಂಬ ಅರ್ಥದಲ್ಲಿ ಖಾಜಿ ವಾದಿಸಿದರೂ ಬತೂತ ಜಗ್ಗಲಿಲ್ಲ. ಕೊನೆಗೆ ಇಲ್ಲಿನ ರಾಜಕುಮಾರನೂ ಹಡಗು ಹತ್ತಬೇಕಾಯಿತು.

ಇಷ್ಟೆಲ್ಲ ಎಚ್ಚರ ವಹಿಸಿದವನ ಉಡುಗೊರೆಗಳನ್ನು ಕಡಲೇ ನುಂಗಿತು. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆಯಿತು. ಶುಕ್ರವಾರದ ನಮಾಜಿಗೆಂದು ದಡದಲ್ಲೇ ಉಳಿದಿದ್ದ ಬತೂತ ಬದುಕಿಕೊಂಡ. ಅವನ ಸ್ವಂತ ಸಾಮಾನಿದ್ದ ಇನ್ನೊಂದು ಹಡಗು ಅವನನ್ನು ಬಿಟ್ಟು ಹೊರಟೇಹೋಯಿತು. ಬರಿಗೈಯಲ್ಲಿ ಹೊನ್ನಾವರಕ್ಕೆ ಮರಳಿದಾಗ ಜಮಾಲುದ್ದೀನ್ ಮನೆಯೊಂದನ್ನು ಕೊಟ್ಟ. ಆದರೆ ಈ ಸಲ ಅಲ್ಲಿ ಆಳೊಬ್ಬನೂ ಇರಲಿಲ್ಲ.