ಡಿಎನ್‌ಎಸ್ ಹುಡುಕಾಟ ದೋಷ

ಜಾಲತಾಣದ ಹೆಸರಿಗೆ ತಕ್ಕ ಐಪಿ ವಿಳಾಸ ಸಿಗದಿದ್ದಾಗ ಬ್ರೌಸರ್ ತೋರುವ ದೋಷ. ಹೆಸರನ್ನು ವಿಳಾಸಕ್ಕೆ ಹೊಂದಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ರೂಪಿಸಿದವರು ಪಾಲ್ ಮೊಕಪೆಟ್ರಿಸ್. ಮೊದಲು ದೋಷದ ಬಗೆಯನ್ನು ಗುರುತಿಸಬೇಕು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ‘ಎನ್‌ಎಕ್ಸ್‌ಡೊಮೈನ್’ ಎಂದರೆ ಆ ಹೆಸರೇ ಇಲ್ಲ: ಅಕ್ಷರ ತಪ್ಪಿರಬಹುದು, ನೋಂದಣಿಯ ಅವಧಿ ತೀರಿರಬಹುದು. ‘ಸರ್ವ್‌ಫೇಲ್’ ಎಂದರೆ ಸರ್ವರ್‌ಗೆ ಉತ್ತರ ಕೊಡಲಾಗಲಿಲ್ಲ. ಡಿಎನ್‌ಎಸ್‌ಸೆಕ್ (ಉತ್ತರ ಅಸಲಿಯೇ ಎಂದು ಪರೀಕ್ಷಿಸುವ ವ್ಯವಸ್ಥೆ) ಸಹಿ ತಾಳೆಯಾಗದಿದ್ದರೂ ಇದೇ ಸಂದೇಶ ಬರುತ್ತದೆ ಎಂಬುದನ್ನು ಮರೆಯಬಾರದು. ‘ಎನ್‌ಎಸ್‌ಲುಕಪ್’ ಆದೇಶದಿಂದ 8.8.8.8 ಅಥವಾ 1.1.1.1 ಎಂಬ ಸಾರ್ವಜನಿಕ ಡಿಎನ್‌ಎಸ್ ಸರ್ವರನ್ನು ಕೇಳಿ ನೋಡಬೇಕು. ಅಲ್ಲಿ ಉತ್ತರ ಸಿಕ್ಕರೆ ತೊಂದರೆ ಬಹುಶಃ ಬಳಕೆದಾರರ ಕಡೆಯ ಸರ್ವರ್‌ನಲ್ಲಿದೆ. ಡಿಎನ್‌ಎಸ್ ದಾಖಲೆ ತಿದ್ದಿದ ಮೇಲೂ ಟಿಟಿಎಲ್ (ಉತ್ತರವನ್ನು ಸಂಗ್ರಹದಲ್ಲಿ ಇಟ್ಟುಕೊಳ್ಳುವ) ಅವಧಿ ಮುಗಿಯುವವರೆಗೆ ಹಳೆಯ ಉತ್ತರವೇ ಬರಬಹುದು. ದಾಖಲೆ ಸರಿಯಿದ್ದರೂ ದೋಷ ಬರಬಹುದು: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ದಾಖಲೆಗಳಲ್ಲಿ ತಪ್ಪಿರಲಿಲ್ಲ. ಅದರ ಡಿಎನ್‌ಎಸ್ ಸರ್ವರ್‌ಗಳನ್ನು ತಲುಪುವ ದಾರಿಯನ್ನು ಇತರ ಜಾಲಗಳಿಗೆ ತಿಳಿಸುವ ಬಿಜಿಪಿ ಮಾರ್ಗಗಳೇ ಅಳಿಸಿಹೋಗಿ, ತಾಣ ಸುಮಾರು 6 ಗಂಟೆ ಸಿಗದಾಯಿತು.