ಪರೇಲಿನ ರಕ್ತಲೇಪಗಳು: ಬಸುರಿಯರ ರಕ್ತಹೀನತೆಯ ರೋಗನಿರ್ಣಯದ ಒಂದು ಚರಿತ್ರೆ

'ಮೈಯಲ್ಲಿ ರಕ್ತವೇ ಇಲ್ಲ' ಎಂಬುದು ಬಸುರಿಯರ ಬಗ್ಗೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುವ ಮಾತು. ಕಣ್ಣಿನ ಕೆಳರೆಪ್ಪೆ ಎಳೆದು, ನಾಲಿಗೆ ಚಾಚಿಸಿ, ಉಗುರಿನ ಬಣ್ಣ ನೋಡಿ ಈ ತೀರ್ಮಾನಕ್ಕೆ ಬರುವ ರೂಢಿ ಇತ್ತು. ಆಯುರ್ವೇದದ ಸಂಹಿತೆಗಳು ಇದೇ ಬಿಳಿಚಿಕೆಯನ್ನು ಪಾಂಡುರೋಗದ ಅಡಿಯಲ್ಲಿ ವಿವರಿಸಿವೆ. ಈಗ ಆ ಕೆಲಸವನ್ನು ಒಂದು ಅಂಕಿ ಮಾಡುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆ, 7ಕ್ಕಿಂತ ಕೆಳಗಿಳಿದರೆ ಅದು ತೀವ್ರವಾದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿ 11ರ ಗೆರೆಯ ಕೆಳಗಿದ್ದರು. ಆದರೆ ರೆಪ್ಪೆಯ ಬಿಳುಪಾಗಲಿ ಯಂತ್ರದ ಅಂಕಿಯಾಗಲಿ ರಕ್ತ ಕಡಿಮೆಯಿದೆ ಎಂದಷ್ಟೇ ಹೇಳುತ್ತವೆ. ಯಾಕೆ ಕಡಿಮೆಯಾಯಿತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಆ 'ಯಾಕೆ'ಯನ್ನು ಬೊಂಬಾಯಿಯಲ್ಲಿ 1928ರಿಂದ ಕೆಲವು ವರ್ಷ ಬಿಡದೆ ಬೆನ್ನುಹತ್ತಿದ ಸಂಶೋಧನೆಯನ್ನೂ, ಮುಂದೆ ಕಾರಣ ಕೇಳದೆ ಎಲ್ಲರಿಗೂ ಒಂದೇ ಮಾತ್ರೆ ಕೊಡುವಂತಾದ ಬಗೆಯನ್ನೂ ಈ ಲೇಖನ ಪರಿಶೀಲಿಸುತ್ತದೆ.

ಬಸುರಿಯರಲ್ಲೂ ಬಾಣಂತಿಯರಲ್ಲೂ ಕಾಣುವ ಭೀಕರ ರಕ್ತಹೀನತೆಯ ಬಗ್ಗೆ ಬಾಸ್ಟನ್ನಿನ ವಾಲ್ಟರ್ ಚಾನಿಂಗ್ 1842ರಷ್ಟು ಹಿಂದೆಯೇ ಬರೆದಿದ್ದ. ವಿಲಿಯಂ ಓಸ್ಲರ್ 1919ರಲ್ಲಿ ಇಂಥ ರಕ್ತಹೀನತೆಗಳನ್ನು ಬಗೆಬಗೆಯಾಗಿ ವಿಂಗಡಿಸಲು ಯತ್ನಿಸಿದ. ಇವುಗಳಲ್ಲಿ ಒಂದು ಬಗೆಯನ್ನು ವೈದ್ಯರು 'ಗರ್ಭಿಣಿಯರ ಪರ್ನಿಷಿಯಸ್ ಅನೀಮಿಯಾ' ಎಂದು ಕರೆದರು. ಹಾಗೆ ಕರೆಯಲು ಕಾರಣ ಸೂಕ್ಷ್ಮದರ್ಶಕದಲ್ಲಿತ್ತು: ಕೆಂಪುಕಣಗಳ ಸಂಖ್ಯೆ ತೀರಾ ಇಳಿದಿದ್ದರೂ ಒಂದೊಂದು ಕಣವೂ ಸಹಜಕ್ಕಿಂತ ದೊಡ್ಡದು, ಬಣ್ಣ ತುಂಬಿದ್ದು. ಯುರೋಪಿನ ನಡುವಯಸ್ಸಿನವರನ್ನು ಕೊಲ್ಲುತ್ತಿದ್ದ ಪರ್ನಿಷಿಯಸ್ ಅನೀಮಿಯಾದ ಚಿತ್ರವೂ ಇದೇ. ಹೋಲಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಬಸುರಿಯರಲ್ಲಿ ನರಗಳು ಕೆಡುತ್ತಿರಲಿಲ್ಲ, ಹೆರಿಗೆ ದಾಟಿ ಬದುಕಿದವರು ಎಷ್ಟೋ ಸಲ ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದರು. ಹೀಗಿದ್ದೂ ಹೆಸರು ಮಾತ್ರ ಅಂಟಿಕೊಂಡಿತು. 1926ರಲ್ಲಿ ಜಾರ್ಜ್ ಮೈನಟ್ ಮತ್ತು ವಿಲಿಯಂ ಮರ್ಫಿ ದಿನವೂ ಯಕೃತ್ತು ತಿನ್ನಿಸಿ ಪರ್ನಿಷಿಯಸ್ ಅನೀಮಿಯಾ ವಾಸಿಮಾಡಬಹುದೆಂದು ತೋರಿಸಿದಾಗ, ಬಸುರಿಯರಿಗೂ ಅದೇ ಮದ್ದು ಎಂಬ ನಿರೀಕ್ಷೆ ಸಹಜವಾಗಿಯೇ ಹುಟ್ಟಿತು.

ಬೊಂಬಾಯಿಯಲ್ಲಿ ಈ ಕಾಯಿಲೆ ಅಪರೂಪದ್ದೇನೂ ಆಗಿರಲಿಲ್ಲ. ದೀರ್ಘಕಾಲ ಭಾರತದಲ್ಲಿ ಕೆಲಸ ಮಾಡಿದ್ದ ವೈದ್ಯೆ ಮಾರ್ಗರೆಟ್ ಬಾಲ್ಫೋರ್ ತಾಯಂದಿರ ಸಾವಿನ ಕಾರಣಗಳನ್ನು ಹುಡುಕುತ್ತಿದ್ದಾಗ ರಕ್ತಹೀನತೆ ಮತ್ತೆಮತ್ತೆ ಎದುರಾಯಿತು. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ (ಇಂದಿನ ಐಸಿಎಂಆರ್‌ನ ಪೂರ್ವರೂಪ) ನಡೆಸುತ್ತಿದ್ದ ತಾಯಿಮರಣ ವಿಚಾರಣೆಗೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಿಂದ ಲೂಸಿ ವಿಲ್ಸ್ ಬಂದು ಸೇರಿದ್ದು 1928ರಲ್ಲಿ. ಆಗ ಆಕೆಗೆ 40 ವರ್ಷ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿ, ಆಮೇಲೆ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಿಂದ 1920ರಲ್ಲಿ ವೈದ್ಯೆಯಾದವರು. ಕೆಲಸದ ನೆಲೆ ಪರೇಲಿನ ಹಾಫ್ಕಿನ್ ಇನ್‌ಸ್ಟಿಟ್ಯೂಟ್. ಹಿಂದೆ ಗವರ್ನರರ ಬಂಗಲೆಯಾಗಿದ್ದ ಆ ಕಟ್ಟಡದ ಸುತ್ತ ಹಬ್ಬಿದ್ದದ್ದು ಹತ್ತಿಗಿರಣಿಗಳು ಮತ್ತು ಕಾರ್ಮಿಕರ ಚಾಳುಗಳು.

ಆ ಕಾಲದ ಒಲವು ಸೋಂಕಿನ ಕಡೆಗಿತ್ತು. ಹಾಫ್ಕಿನ್ ಸಂಸ್ಥೆ ಬೆಳೆದದ್ದೇ ಪ್ಲೇಗಿನ ಲಸಿಕೆಯಿಂದ. ವಿಲ್ಸ್ ಕೂಡ ಕರುಳಿನ ಸೋಂಕಿನಂಥ ಸಾಧ್ಯತೆಗಳನ್ನು ಮೊದಲು ಪರೀಕ್ಷಿಸಿದರು. ಅದರಿಂದ ಏನೂ ಹೊರಡದಾಗ ಅವರ ವಿಚಾರಣೆ ಅಡುಗೆಮನೆಗೆ ಹೊರಳಿತು. ಎಸ್. ಎನ್. ತಳಪದೆ ಅವರೊಂದಿಗೆ ಬೊಂಬಾಯಿಯ ಹೆಂಗಸರ ಊಟ ಮತ್ತು ವಾಸಸ್ಥಿತಿಯ ಸಮೀಕ್ಷೆ ನಡೆಸಿ 1930ರಲ್ಲಿ ಪ್ರಕಟಿಸಿದರು. ಅದೇ ವರ್ಷ ಎಂ. ಎಂ. ಮೆಹ್ತಾ ಅವರ ಜೊತೆಗಿನ ಪ್ರಾಥಮಿಕ ವರದಿಯೂ ಬಂದಿತ್ತು. ಈ ಸಹಲೇಖಕರ ಹೆಸರುಗಳನ್ನು ವಿಲ್ಸ್ ಕುರಿತ ಜನಪ್ರಿಯ ಬರಹಗಳು ಹಾರಿಸಿಬಿಡುವುದೇ ಹೆಚ್ಚು. ಒಲೆಯ ಮೇಲೆ ಏನಿದೆ, ಗಂಡಸರು ಉಂಡ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯುತ್ತದೆ ಎಂಬಂಥ ಮಾತುಗಳನ್ನು ಇಂಗ್ಲಿಷ್ ಬಲ್ಲ ಹೊರಗಿನವರೊಬ್ಬರು ಒಂಟಿಯಾಗಿ ಕೇಳಿ ತಿಳಿದಿರಲಾರರು ಎಂದು ಊಹಿಸುವುದು ಕಷ್ಟವಲ್ಲ.

ಸಮೀಕ್ಷೆಯಲ್ಲಿ ಕಂಡದ್ದು ಇಷ್ಟು: ಊಟ ಎಷ್ಟು ಬಡವಾಗಿತ್ತೋ ಬಸಿರಿನಲ್ಲಿ ರಕ್ತ ಅಷ್ಟು ಇಳಿಯುತ್ತಿತ್ತು. ಅತ್ಯಂತ ಕೊರತೆಯ ಊಟವೂ ಅತಿಹೆಚ್ಚು ಕಾಯಿಲೆಯೂ ಬಡ ಮುಸ್ಲಿಂ ಹೆಂಗಸರಲ್ಲಿತ್ತು. ಈ ವರ್ಗೀಕರಣವನ್ನು ಇಂದು ಓದುವಾಗ ಎಚ್ಚರ ಬೇಕು. ವಸಾಹತು ಕಾಲದ ವೈದ್ಯಕೀಯ ಎಲ್ಲವನ್ನೂ ಜಾತಿ, ಮತಗಳ ಕೋಷ್ಟಕದಲ್ಲಿ ತುಂಬುತ್ತಿತ್ತು. ಇಲ್ಲಿ ಕೆಲಸ ಮಾಡಿದ್ದು ಮತಕ್ಕಿಂತ ಹೆಚ್ಚಾಗಿ ಕೂಲಿ, ಬಾಡಿಗೆ ಮತ್ತು ಸೊಪ್ಪು-ಹಣ್ಣಿನ ಬೆಲೆ ಎಂಬುದು ನನ್ನ ಓದು. ವಿಲ್ಸ್ ಅವರ ಮುಂದಿನ ಹೆಜ್ಜೆಯೂ ಈ ಓದಿಗೆ ಬಲ ಕೊಡುತ್ತದೆ, ಏಕೆಂದರೆ ಅವರು ಹುಡುಕಿದ್ದು ತಟ್ಟೆಯಲ್ಲಿಲ್ಲದ ಒಂದು ಪದಾರ್ಥವನ್ನು.

ಎ ಮತ್ತು ಸಿ ವಿಟಮಿನ್‌ಗಳು ಫಲ ಕೊಡಲಿಲ್ಲ. ಯಕೃತ್ತಿನ ಸಾರ ಫಲ ಕೊಟ್ಟಿತು, ಆದರೆ ಅದರ ಬೆಲೆ ಚಾಳಿನ ಬದುಕಿಗೆ ನಿಲುಕುವಂಥದ್ದಲ್ಲ. ಜೊತೆಜೊತೆಗೆ ಪ್ರಾಣಿಗಳ ಮೇಲೆ ಪ್ರಯೋಗ ನಡೆದಿತ್ತು. ಬೊಂಬಾಯಿಯ ಬಡ ಹೆಂಗಸರ ಊಟವನ್ನೇ ತಿಂದ ಇಲಿಗಳು ರಕ್ತಹೀನವಾದವು. ಬಸುರಿ ಇಲಿಗಳು ಮರಿ ಹಾಕುವ ಮೊದಲೇ ಸತ್ತವು. ಊಟಕ್ಕೆ ಯೀಸ್ಟ್ ಬೆರೆಸಿದರೆ ಕಾಯಿಲೆ ತಪ್ಪುತ್ತಿತ್ತು. ಆಮೇಲೆ ಆ ಇಲಿಗಳಲ್ಲಿ ಹೇನು ಹರಡುವ ಸೋಂಕೊಂದು ಇತ್ತೆಂದೂ ಫಲಿತಾಂಶ ಅದರಿಂದ ಕೆಟ್ಟಿರಬಹುದೆಂದೂ ಗೊತ್ತಾಗಿ, ರೀಸಸ್ ಕೋತಿಗಳ ಮೇಲೆ ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಕೋತಿಗಳೂ ಅದೇ ಕಥೆ ಹೇಳಿದವು. ಯೀಸ್ಟಿನ ಅಗ್ಗದ ರೂಪವೊಂದು ಇಂಗ್ಲಿಷರ ಅಡುಗೆಮನೆಯಲ್ಲೇ ಇತ್ತು: ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನಿಂದ ಮಾಡಿ ಬ್ರೆಡ್ಡಿಗೆ ಹಚ್ಚಿ ತಿನ್ನುವ ಕಪ್ಪು, ಉಪ್ಪು ಲೇಹ್ಯ, ಮಾರ್ಮೈಟ್. ಅದನ್ನು ತಿಂದ ಬಸುರಿಯರ ರಕ್ತದಲ್ಲಿ ಎಳೆಯ ಕೆಂಪುಕಣಗಳು ಕೆಲವೇ ದಿನಗಳಲ್ಲಿ ಏರತೊಡಗಿದವು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು.

ವಿಲ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಮಾರ್ಮೈಟಿನ ಕಥೆ ಅಷ್ಟು ರುಚಿಕರ. ನನ್ನ ದೃಷ್ಟಿಯಲ್ಲಿ ರೋಗನಿರ್ಣಯದ ಚರಿತ್ರೆಗೆ ಇದಕ್ಕಿಂತ ದೊಡ್ಡ ಕೆಲಸ ನಡೆದದ್ದು 1937ರಲ್ಲಿ. ಆ ಹೊತ್ತಿಗೆ ಯಕೃತ್ತಿನ ಸಾರವನ್ನು ಹೆಚ್ಚುಹೆಚ್ಚು ಶುದ್ಧೀಕರಿಸಲಾಗುತ್ತಿತ್ತು. ಶುದ್ಧ ಸಾರ ಪರ್ನಿಷಿಯಸ್ ಅನೀಮಿಯಾವನ್ನು ವಾಸಿಮಾಡುತ್ತಿತ್ತು, ಕೊರತೆಯ ಊಟದಿಂದ ಬಳಲುವ ಕೋತಿಯನ್ನು ವಾಸಿಮಾಡುತ್ತಿರಲಿಲ್ಲ. ಕಚ್ಚಾ ಸಾರ ಎರಡಕ್ಕೂ ಆಗುತ್ತಿತ್ತು. ಅಂದರೆ ಯಕೃತ್ತಿನೊಳಗೆ ರಕ್ತಕ್ಕೆ ಬೇಕಾದ ಪದಾರ್ಥಗಳು ಎರಡು, ಶುದ್ಧೀಕರಣದಲ್ಲಿ ಅವುಗಳಲ್ಲೊಂದು ಸೋರಿಹೋಗುತ್ತಿದೆ. ಅದೇ ವರ್ಷ ವಿಲ್ಸ್ ಮತ್ತೆ ಬೊಂಬಾಯಿಗೆ ಬಂದು ರೋಗಿಗಳಲ್ಲೂ ಇದನ್ನು ಒರೆಹಚ್ಚಿದರು. ಸೂಕ್ಷ್ಮದರ್ಶಕದಡಿ ಒಂದೇ ಆಗಿ ಕಾಣುವ ರಕ್ತದ ಹಿಂದೆ ಎರಡು ಬೇರೆ ಕೊರತೆಗಳಿವೆ ಎಂಬುದು ಸ್ಥಿರವಾದದ್ದು ಹೀಗೆ.

ಆ ಎರಡನ್ನೂ ಬಿಡಿಸಿ ತೆಗೆಯಲು ಇನ್ನೊಂದು ದಶಕ ಹಿಡಿಯಿತು. 1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ 4 ಟನ್ ಪಾಲಕ್ ಸೊಪ್ಪನ್ನು ಸೋಸಿ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಲೆಡರ್ಲೆ ಪ್ರಯೋಗಾಲಯದ ತಂಡ 1945ರ ವೇಳೆಗೆ ಅದನ್ನು ಕೃತಕವಾಗಿ ತಯಾರಿಸಿತು. ಮಾರ್ಮೈಟಿನಲ್ಲಿದ್ದದ್ದು ಇದೇ. ಪರ್ನಿಷಿಯಸ್ ಅನೀಮಿಯಾವನ್ನು ವಾಸಿಮಾಡುತ್ತಿದ್ದ ಇನ್ನೊಂದು ಪದಾರ್ಥ, ವಿಟಮಿನ್ ಬಿ12, 1948ರಲ್ಲಿ ಕೈಗೆ ಸಿಕ್ಕಿತು. ಈ ಮೂರು ವರ್ಷಗಳ ಅಂತರದಲ್ಲಿ ವೈದ್ಯರು ದುಬಾರಿ ಪಾಠವೊಂದನ್ನು ಕಲಿತರು. ಹೊಸದಾಗಿ ಬಂದ ಫೋಲಿಕ್ ಆಮ್ಲವನ್ನು ಪರ್ನಿಷಿಯಸ್ ಅನೀಮಿಯಾದ ರೋಗಿಗಳಿಗೆ ಕೊಟ್ಟಾಗ ರಕ್ತ ತುಂಬಿಕೊಂಡಿತು. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಮಾತ್ರ ನಿಲ್ಲಲಿಲ್ಲ, ಕೆಲವರಲ್ಲಿ ಉಲ್ಬಣಿಸಿತು.

ಗರ್ಭಿಣಿಯರಲ್ಲಿ ಇವೆರಡಕ್ಕಿಂತಲೂ ವ್ಯಾಪಕವಾದ ಕೊರತೆ ಕಬ್ಬಿಣದ್ದು. ಬಸಿರಿನಲ್ಲಿ ರಕ್ತದ ನೀರಿನಂಶ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಕೆಂಪುಕಣಗಳು ಅಷ್ಟು ಹೆಚ್ಚುವುದಿಲ್ಲ. ಹಾಗಾಗಿ ಆರೋಗ್ಯವಂತೆಯ ಹಿಮೋಗ್ಲೋಬಿನ್ ಕೂಡ ತುಸು ಇಳಿಯುತ್ತದೆ. ಮಗು, ಮಾಸು ಮತ್ತು ತಾಯಿಯ ಹೆಚ್ಚುವರಿ ರಕ್ತಕ್ಕೆಲ್ಲ ಒಟ್ಟಾಗಿ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ರಾಗಿ, ಕಾಳುಗಳಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲೇ ಇರುವ ಫೈಟೇಟ್ ಅದು ಮೈಗೆ ಹತ್ತಲು ಬಿಡುವುದಿಲ್ಲ. ಕೊಕ್ಕೆಹುಳು ಇದ್ದರೆ ಇದ್ದದ್ದೂ ಸೋರಿಹೋಗುತ್ತದೆ. 1970ರಲ್ಲಿ ಭಾರತ ಸರ್ಕಾರ ಆರಂಭಿಸಿದ ರಕ್ತಹೀನತೆ ತಡೆ ಕಾರ್ಯಕ್ರಮ ಪ್ರತಿ ಗರ್ಭಿಣಿಗೂ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇರಿದ ಮಾತ್ರೆ ಕೊಡಲು ನಿರ್ಧರಿಸಿತು. ಮುಂದೆ ಕಬ್ಬಿಣದ ಪ್ರಮಾಣ 100ಕ್ಕೆ ಏರಿ, 2018ರ 'ಅನೀಮಿಯಾ ಮುಕ್ತ ಭಾರತ'ದಲ್ಲಿ 60ಕ್ಕೆ ಮರಳಿತು. ಪ್ರಯೋಗಾಲಯಗಳು ವಿರಳವಾಗಿದ್ದ ಕಾಲದಲ್ಲಿ ಒಬ್ಬೊಬ್ಬ ಬಸುರಿಯ ರಕ್ತವನ್ನೂ ಗಾಜಿನ ಮೇಲೆ ಬಳಿದು ನೋಡುವುದು ಆಗದ ಮಾತು. ಕಾರಣ ಕೇಳದೆ ಎಲ್ಲರಿಗೂ ಒಂದೇ ಮಾತ್ರೆ ಕೊಡುವ ತೀರ್ಮಾನ ಆಗ ಸರಿಯಾದದ್ದೇ ಆಗಿತ್ತು ಮತ್ತು ಬಹುತೇಕರ ಮಟ್ಟಿಗೆ ಇಂದಿಗೂ ಸರಿ.

ಫೋಲಿಕ್ ಆಮ್ಲಕ್ಕೆ ಈ ನಡುವೆ ಇನ್ನೊಂದು ಕೆಲಸವೂ ಒದಗಿತು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೊಮ್ಮೆ ಬೆನ್ನುಹುರಿಯ ದೋಷವಿದ್ದ ಮಗು ಹೆತ್ತವರು ಮುಂದಿನ ಬಸಿರಿಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡಾಗ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಭ್ರೂಣದ ನರನಾಳ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುವುದರಿಂದ, ತಾಯಿ ಕಾರ್ಡ್ ಮಾಡಿಸಿದ ಮೇಲೆ ಸಿಗುವ ಮಾತ್ರೆ ಈ ಉದ್ದೇಶಕ್ಕೆ ತಡವಾದದ್ದು.

ವಿಲ್ಸ್ ಎತ್ತಿದ ಪ್ರಶ್ನೆ ಮತ್ತೆ ಬೇಕಾಗುವುದು ಮಾತ್ರೆ ನುಂಗಿಯೂ ರಕ್ತ ಏರದಿದ್ದಾಗ. ಮೊದಲ ವಿಚಾರಣೆ ಸರಳ: ಮಾತ್ರೆ ನಿಜಕ್ಕೂ ಹೊಟ್ಟೆಗೆ ಹೋಗಿದೆಯೇ? ಮಲ ಕಪ್ಪಾಗುವುದು, ಮಲಬದ್ಧತೆ, ಹೊಟ್ಟೆ ತೊಳಸುವುದು ಇವಕ್ಕೆ ಹೆದರಿ ಬಿಟ್ಟವರು ಬಹಳ. ಚಹಾದ ಜೊತೆ ನುಂಗಿದರೆ ಪ್ರಯೋಜನ ಕಡಿಮೆ, ನಿಂಬೆ-ನೆಲ್ಲಿಕಾಯಿಯ ಜೊತೆ ಹೆಚ್ಚು. ಬಾಯಿಂದ ಆಗದವರಿಗೆ ಶಿರೆಯ ಮೂಲಕ ಕಬ್ಬಿಣ ಕೊಡುವ ಪದ್ಧತಿಯಿದ್ದು, ಅದರ ದೊಡ್ಡ ಪ್ರಯೋಗವೊಂದನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ನಡೆಸಿದ್ದಾರೆ. ಇವೆಲ್ಲ ಕಬ್ಬಿಣದ ಮಾತು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯ ಗರ್ಭಿಣಿಯರ ಅಧ್ಯಯನ ಬೇರೊಂದನ್ನೇ ತೋರಿಸಿತು. 2009ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಫೋಲೇಟ್ ಕೊರತೆ ಇದ್ದವರು ಶೇ. 4, ಬಿ12 ಕೊರತೆ ಇದ್ದವರು ಶೇ. 43. ಬಿ12 ಕಡಿಮೆಯಿದ್ದವರಲ್ಲಿ ಗರ್ಭಾವಸ್ಥೆಯ ಮಧುಮೇಹವೂ ಹೆಚ್ಚಿತ್ತು. 1930ರ ಬೊಂಬಾಯಿಯಲ್ಲಿ ಕಂಡ ಕೊರತೆ ಇಲ್ಲಿ ಹೆಚ್ಚುಕಡಿಮೆ ತುಂಬಿತ್ತು, ವಿಲ್ಸ್ ಅದರಿಂದ ಬೇರ್ಪಡಿಸಿದ ಇನ್ನೊಂದು ಮಾತ್ರ ಖಾಲಿ ಉಳಿದಿತ್ತು. ಮಾಂಸ-ಮೊಟ್ಟೆ ಮುಟ್ಟದ, ಹಾಲೂ ಕಡಿಮೆಯಿರುವ ಊಟದಲ್ಲಿ ಬಿ12 ಸಿಗುವುದು ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು, ತಾಯಿಯ ರಕ್ತದಲ್ಲೂ ಎದೆಹಾಲಿನಲ್ಲೂ ಮಗುವಿನಲ್ಲೂ ಅದರ ಮಟ್ಟ ಏರಿದ್ದನ್ನು 2014ರಲ್ಲಿ ವರದಿ ಮಾಡಿದರು. ಕಬ್ಬಿಣ-ಫೋಲಿಕ್ ಮಾತ್ರೆಯಲ್ಲಿ ಬಿ12 ಇಲ್ಲ.

ಹಿಮೋಗ್ಲೋಬಿನ್ ಅಂಕಿಯ ಜೊತೆ ಕೆಂಪುಕಣದ ಸರಾಸರಿ ಗಾತ್ರವನ್ನೂ ಈಗಿನ ಯಂತ್ರಗಳು ಕೊಡುತ್ತವೆ. ಆದ್ದರಿಂದ ಕಾರಣ ತಾನಾಗಿ ಹೊರಬೀಳುತ್ತದೆ ಎಂದುಕೊಂಡರೆ ಅಲ್ಲೂ ಒಂದು ತೊಡಕು. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ದೊಡ್ಡದಾಗುತ್ತದೆ. ನಮ್ಮ ಗರ್ಭಿಣಿಯರಲ್ಲಿ ಎರಡೂ ಒಟ್ಟಿಗೇ ಇರುವುದುಂಟು, ಆಗ ಸರಾಸರಿ ಸಹಜವಾಗಿಯೇ ಬರುತ್ತದೆ. ಅಂಥ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಬಳಿದು ನೋಡಿದರೆ ಚಿಕ್ಕ ಕಣ ದೊಡ್ಡ ಕಣಗಳು ಬೆರೆತಿರುವುದೂ, ಬಿಳಿಕಣಗಳ ಕೇಂದ್ರ ಐದು-ಆರು ತುಂಡಾಗಿ ಒಡೆದಿರುವುದೂ ಕಾಣಿಸುತ್ತದೆ. ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿರುವ ಕುಡುಗೋಲು ಕಣದ ರೋಗದ ಸುಳಿವೂ ಇಂಥ ಲೇಪದಲ್ಲಿ ಸಿಗಬಹುದು. ಆ ರೋಗವಿದ್ದಲ್ಲಿ ಕಬ್ಬಿಣವನ್ನು ಸುಮ್ಮನೆ ಹೆಚ್ಚಿಸುತ್ತ ಹೋದರೆ ಉಪಯೋಗವಿಲ್ಲ. ತಿಂಗಳು ಮಾತ್ರೆ ನುಂಗಿಯೂ ಒಂದು ಗ್ರಾಂ ಏರದ ಗರ್ಭಿಣಿಯ ರಕ್ತವನ್ನು ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹೀಗೆ ಬಳಿದು ನೋಡಲು ಬೇಕಾಗುವುದು ಒಂದು ಹನಿ ರಕ್ತ, ಕಣಗಳಿಗೆ ಹಚ್ಚುವ ಲೀಷ್ಮನ್ ಬಣ್ಣ, ಮತ್ತು ಕಣ್ಣಿಟ್ಟು ನೋಡಬಲ್ಲ ಒಬ್ಬರು.