ಹಳಿ ಯಾರದು, ಹಣ ಯಾರದು

ಬೀದರ್ ಜಿಲ್ಲೆಯ ರೈಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ನಿಜಾಮರಿಂದ ಶುರು ಮಾಡಿ ಬೇಡಿಕೆಪತ್ರದಲ್ಲಿ ಮುಗಿಸುತ್ತಾರೆ. ಭಾಲ್ಕಿಗೆ ಗಾಡಿ ಬಂತು, ಔರಾದಿಗೆ ಬರಲಿಲ್ಲ ಎಂಬ ಲೆಕ್ಕದ ನಡುವೆ ಹಳಿಯ ಒಡೆತನದ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಆ ಪ್ರಶ್ನೆ ಹಿಡಿದು ಹೊರಟರೆ ನಮ್ಮ ಜಿಲ್ಲೆಯ ರೈಲಿನ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ.

ಸ್ಥಳೀಯ ಆಡಳಿತವೇ ರೈಲು ಕಟ್ಟಿಸಿಕೊಳ್ಳಬಹುದು ಎಂಬುದು ದಕ್ಷಿಣ ಭಾರತಕ್ಕೆ ಹೊಸದಲ್ಲ. ತಂಜಾವೂರು ಜಿಲ್ಲಾ ಬೋರ್ಡು ರೈತರ ಮೇಲೆ ರೈಲಿಗೆಂದೇ ಕರ ಹಾಕಿ, ಆ ಹಣದಲ್ಲಿ ಮಾಯಾವರಂನಿಂದ ಮುತ್ತುಪೇಟೆಗೆ ಮೀಟರ್ ಗೇಜ್ ಹಳಿ ಹಾಕಿಸಿತು. 1894ರಲ್ಲಿ ಗಾಡಿ ಓಡಿತು. ಬೋರ್ಡು ತಾನೇ ಎಂಜಿನ್ ಕೊಳ್ಳಲು ಹೋಗಲಿಲ್ಲ. ಓಡಿಸುವ ಕೆಲಸವನ್ನು ಸೌತ್ ಇಂಡಿಯನ್ ರೈಲ್ವೆ ಕಂಪನಿಗೆ ಬಿಟ್ಟು ಆದಾಯದಲ್ಲಿ ಪಾಲು ಪಡೆಯಿತು. ಮೈಸೂರು ಸಂಸ್ಥಾನದಲ್ಲಿ ಕೋಲಾರದವರು ಇದೇ ದಾರಿ ಹಿಡಿದರು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿಯ ನ್ಯಾರೋ ಗೇಜ್ ಗಾಡಿ 1913ರಲ್ಲಿ ಶುರುವಾಯಿತು. ಅದು ಕೋಲಾರ ಜಿಲ್ಲಾ ಬೋರ್ಡಿನ ರೈಲು. ಮುಂದೆ ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರದವರೆಗೂ ಅದು ಚಾಚಿಕೊಂಡಿತು. ಆ ಹಳಿ ಬ್ರಾಡ್ ಗೇಜ್ ಆಗಿ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ 2013 ಬಂದಿತ್ತು. ಪುಟ್ಟ ರೈಲು ಎಂದು ನಗುವವರು ನಗಲಿ, ಜಿಲ್ಲೆಯ ಜನ ತಮ್ಮದೇ ದುಡ್ಡಿನಲ್ಲಿ ತಮಗೆ ಬೇಕಾದ ಊರಿಗೆ ಹಳಿ ಹಾಕಿಸಿಕೊಂಡದ್ದು ಸಣ್ಣ ಮಾತಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ಇಂಥದ್ದು ನಡೆಯಲಿಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಳಿ ಬಂದಾಗಿನಿಂದ ಅಲ್ಲಿ ರೈಲೆಂದರೆ ನಿಜಾಮರ ಖಜಾನೆಯ ವ್ಯವಹಾರ. ಲಂಡನ್ನಿನ ಬಂಡವಾಳಕ್ಕೆ ಸಂಸ್ಥಾನ ಬಡ್ಡಿಯ ಖಾತರಿ ಕೊಟ್ಟು ನಡೆಸುತ್ತಿದ್ದ ಕಂಪನಿಯನ್ನು 1930ರ ಏಪ್ರಿಲ್‌ನಲ್ಲಿ ಸರ್ಕಾರವೇ ಕೊಂಡುಕೊಂಡಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ವಿಕಾರಾಬಾದಿನಿಂದ ಕವಲೊಡೆದ ಬ್ರಾಡ್ ಗೇಜ್ ಹಳಿ ಜಹೀರಾಬಾದ್ ದಾಟಿ ಬೀದರಿಗೆ ಬಂತು. ಆಮೇಲೆ ಭಾಲ್ಕಿ, ಕಮಲನಗರ, ಉದಗಿರ ಮೇಲೆ ಪರಳಿ ವೈಜನಾಥದ ಕಡೆ ಸಾಗಿತು. ಔರಾದ್ ಪಟ್ಟಣ ಹಳಿಯಿಂದ ದೂರ ಉಳಿಯಿತು.

ಔರಾದಿನಂಥ ಊರುಗಳಿಗೂ ಆ ರೈಲ್ವೆಯಿಂದ ಒಂದು ಉಪಕಾರವಾಯಿತು. 1932ರ ಜೂನ್‌ನಲ್ಲಿ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸು, 166 ಸಿಬ್ಬಂದಿ ಕಟ್ಟಿಕೊಂಡು ರಸ್ತೆ ಸಾರಿಗೆಗೂ ಇಳಿಯಿತು. ರೈಲು ಮತ್ತು ಬಸ್ಸು ಒಂದೇ ಯಜಮಾನಿಕೆಯಲ್ಲಿದ್ದವು. ಹಳಿಯಿಲ್ಲದ ಊರಿನವರನ್ನು ಠೇಸಣಕ್ಕೆ ತಂದು ಬಿಡುವುದು ಅದೇ ಇಲಾಖೆಗೆ ಲಾಭದ ಮಾತಾಗಿತ್ತು. ಇಂದು ಔರಾದಿನಿಂದ ಬಸ್ಸು ಹತ್ತಿ ಬೀದರ್ ಠೇಸಣದ ಗಾಡಿ ಹಿಡಿಯುವವರಿಗೆ ಬಸ್ಸಿನ ವೇಳೆಯೊಂದು, ರೈಲಿನ ವೇಳೆಯೊಂದು. ತೊಂಬತ್ತು ವರ್ಷದ ಹಿಂದಿನ ಆ ಜೋಡಣೆ ಈಗಿನ ಯಾವ ಯೋಜನೆಯಲ್ಲೂ ನನಗೆ ಕಾಣುತ್ತಿಲ್ಲ.

ಜೋಡಿ ಮುರಿದದ್ದು 1951ರಲ್ಲಿ. ಆ ವರ್ಷ ನವೆಂಬರ್‌ನಲ್ಲಿ ರೈಲು ಸೆಂಟ್ರಲ್ ರೈಲ್ವೆಯಲ್ಲಿ ವಿಲೀನವಾಗಿ ದೆಹಲಿಯ ಪಾಲಾಯಿತು, ಬಸ್ಸು ಹೈದರಾಬಾದ್ ಸರ್ಕಾರದ ಬಳಿ ಉಳಿಯಿತು. ತಾಯಿ ಗಂಡನ ಮನೆಗೆ ಹೋಗಿ ಮಗು ತವರಲ್ಲೇ ಉಳಿದ ಹಾಗೆ. ಐದು ವರ್ಷಕ್ಕೆ ಭಾಷಾವಾರು ಪ್ರಾಂತ ಬಂತು. ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು: ಉದಗಿರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ. ಜಹೀರಾಬಾದಿನಿಂದ ಉದಗಿರದವರೆಗೆ ಒಂದೇ ಜಿಲ್ಲೆಯ ಊರುಗಳನ್ನು ಹೆಣೆದಿದ್ದ ಹಳಿ ರಾತ್ರಿ ಬೆಳಗಾಗುವುದರಲ್ಲಿ ಮೂರು ರಾಜ್ಯಗಳದ್ದಾಯಿತು. ಮೂರು ರಾಜಧಾನಿಗಳಿಗೂ ಅದು ಅಂಚಿನ ಹಳಿ. 1966ರಲ್ಲಿ ಸೌತ್ ಸೆಂಟ್ರಲ್ ರೈಲ್ವೆ ಹುಟ್ಟಿತು. ಬೀದರ್ ಈಗಲೂ ಅದರ ಸಿಕಂದರಾಬಾದ್ ವಿಭಾಗದಲ್ಲಿದೆ, ಕಲಬುರಗಿ ಸೆಂಟ್ರಲ್ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೆಂಗಳೂರು ನೈಋತ್ಯ ರೈಲ್ವೆಯಲ್ಲಿದೆ. ಬೀದರಿನಿಂದ ಬೆಂಗಳೂರಿಗೆ ಒಂದು ಗಾಡಿ ಹೆಚ್ಚಿಸಬೇಕೆಂದರೆ ಎಷ್ಟು ಬಾಗಿಲು ತಟ್ಟಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಕಲಬುರಗಿಗೊಂದು ಪ್ರತ್ಯೇಕ ವಿಭಾಗ ಎಂದು ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಸಚಿವರಾಗಿದ್ದಾಗ ಘೋಷಣೆಯಾದದ್ದು ಘೋಷಣೆಯಾಗಿಯೇ ಇದೆ.

ಇತ್ತೀಚಿನ ಅಧ್ಯಾಯದಲ್ಲಿ ಹಣದ ದಾರಿ ತಿರುವು ಪಡೆದಿದೆ. ಕಲಬುರಗಿ–ಬೀದರ್ ನಡುವಿನ ಸುಮಾರು 110 ಕಿ.ಮೀ. ಹೊಸ ಹಳಿಗೆ ಕರ್ನಾಟಕ ಸರ್ಕಾರ ಅರ್ಧ ವೆಚ್ಚ ಹೊತ್ತಿತು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಮಂಜೂರಾದ ಕೆಲಸ ಪೂರ್ತಿಯಾಗಿ ಪ್ರಧಾನಿ ನರೇಂದ್ರ ಮೋದಿ ಅದನ್ನು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ಮೊದಲ ಅಂದಾಜು ಹಲವು ಪಟ್ಟು ಬೆಳೆದು ಒಂದೂವರೆ ಸಾವಿರ ಕೋಟಿ ಮುಟ್ಟಿತ್ತು. ಅರ್ಧ ಹಣ ಕೊಟ್ಟ ರಾಜ್ಯಕ್ಕೆ ಅಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಬೇಕು, ಕಮಲಾಪುರದಲ್ಲಿ ಯಾವುದು ನಿಲ್ಲಬೇಕು ಎಂದು ತೀರ್ಮಾನಿಸುವ ಅಧಿಕಾರ ಬರಲಿಲ್ಲ. ಕೋಲಾರದ ಬೋರ್ಡು ಕೊಟ್ಟ ದುಡ್ಡಿಗೆ ಹಳಿಯ ಒಡೆತನವಿತ್ತು. ನಾವು ಕೊಟ್ಟದ್ದು ದೇಣಿಗೆ. ಕಟುವಾಗಿ ಕೇಳಿಸಿದರೂ ಬೇರೆ ಮಾತು ನನಗೆ ತೋಚುತ್ತಿಲ್ಲ.

ಹೀಗಾದದ್ದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ ಕಿರು ರೈಲುಗಳು ಪ್ರಾಂತಗಳ ಪಟ್ಟಿಯಲ್ಲಿದ್ದವು. ಸಂವಿಧಾನ ರೈಲನ್ನು ಕೇಂದ್ರದ ಪಟ್ಟಿಗೆ ಸೇರಿಸಿ, ನಗರದ ಟ್ರಾಮುಗಳನ್ನು ಮಾತ್ರ ರಾಜ್ಯಕ್ಕೆ ಬಿಟ್ಟಿತು. ಪಂಚಾಯತಿಗಳ ಹನ್ನೊಂದನೇ ಅನುಸೂಚಿಯಲ್ಲಿ ರಸ್ತೆ, ಸೇತುವೆ, ದೋಣಿಗಳ ಹೆಸರಿದೆ, ರೈಲಿನ ಹೆಸರಿಲ್ಲ. ಬೆಂಗಳೂರಿನ ಉಪನಗರ ರೈಲಿಗಾಗಿ ರಾಜ್ಯ ಮತ್ತು ರೈಲ್ವೆ ಸಚಿವಾಲಯದ ಜಂಟಿ ಕಂಪನಿ ಕೆ-ರೈಡ್ ಇದೆ. ಅದರಲ್ಲಿ ರಾಜ್ಯದ ಪಾಲು ಶೇ. 51. ಅಂಥ ವ್ಯವಸ್ಥೆ ರಾಜಧಾನಿಗೆ ಸಿಗುತ್ತದೆ, ಗಡಿಜಿಲ್ಲೆಗೆ ಸಿಗುವುದಿಲ್ಲ.

ಸ್ಥಳೀಯ ಒಡೆತನ ಏನು ಮಾಡಬಲ್ಲದು ಎಂಬುದಕ್ಕೆ ಹೊರಗಿನದೊಂದು ಉದಾಹರಣೆ ಉಂಟು. ಜಪಾನಿನ ಇವಾತೆ ಪ್ರಾಂತ 1984ರಲ್ಲಿ ಸರ್ಕಾರಿ ರೈಲ್ವೆ ಕೈಬಿಡಲಿದ್ದ ಕಡಲಂಚಿನ ಹಳಿಗಳನ್ನು ಉಳಿಸಿಕೊಳ್ಳಲು ಊರಾಡಳಿತಗಳನ್ನು ಸೇರಿಸಿ ಸಾನ್ರಿಕು ರೈಲ್ವೆ ಶುರು ಮಾಡಿತು. 2011ರ ಸುನಾಮಿ ಆ ಹಳಿಗಳನ್ನು ಕೊಚ್ಚಿಕೊಂಡು ಹೋಯಿತು. 2014ಕ್ಕೆ ಮತ್ತೆ ಇಡೀ ಹಾದಿಯಲ್ಲಿ ಗಾಡಿ ಓಡಿತು. ಲಾಭದ ಲೆಕ್ಕವೊಂದನ್ನೇ ನೋಡಿದ್ದರೆ ಅದನ್ನು ಪುನಃ ಕಟ್ಟುತ್ತಿರಲಿಲ್ಲ.

ಔರಾದಿನ ಆಸೆ ಈಗ ಬೀದರ್–ನಾಂದೇಡ್ ಹೊಸ ಮಾರ್ಗದ ಮೇಲಿದೆ. ಔರಾದ್, ದೇಗಲೂರು ಮೇಲೆ ಹಾಯುವ, ಸುಮಾರು 157 ಕಿ.ಮೀ. ಉದ್ದದ ಈ ಯೋಜನೆಯಲ್ಲೂ ರಾಜ್ಯಗಳ ಪಾಲಿನ ಮಾತೇ ಮುಖ್ಯ. ಒಡೆತನದ ಷರತ್ತು ಹಾಕುವುದಿದ್ದರೆ ಹಣ ಕೊಡುವ ಮುಂಚೆಯೇ ಹಾಕಬೇಕು. ಸಂವಿಧಾನದ 366ನೇ ವಿಧಿಯಲ್ಲಿ ಒಂದು ಕಿಂಡಿ ಉಂಟು: ಪೂರ್ತಿಯಾಗಿ ಒಂದೇ ರಾಜ್ಯದೊಳಗಿರುವ ಮಾರ್ಗವನ್ನು ರೈಲ್ವೆಯಲ್ಲವೆಂದು ಸಂಸತ್ತು ಕಾನೂನು ಮಾಡಿ ಸಾರಬಹುದು, ಆಗ ಅದು ಕೇಂದ್ರದ ಹಿಡಿತದಿಂದ ಹೊರಬರುತ್ತದೆ. ಗಡಿ ದಾಟುವ ಔರಾದಿನ ಹಳಿಗೆ ಆ ಕಿಂಡಿ ಇಲ್ಲ. ನಾವು ಅರ್ಧ ಹಣ ಕೊಟ್ಟ ಕಲಬುರಗಿ–ಬೀದರ್ ಹಳಿಗೆ ಇದೆ.